ಕಸದ ಗಾಡಿಯಲ್ಲಿ ಜಲಪ್ರಭು

ಕಲ್ಲಿನಾಥನಿಗೆ ಆ ದಿನ ಬಂದ ಕಷ್ಟವೆಲ್ಲ ಹೆಬ್ಬೆರಳು ಗಾತ್ರದ ಒಂದು ಪೆನ್‌ಡ್ರೈವಿನಿಂದ ಬಂತು. ಅದೂ ಅವನದಲ್ಲ, ಪಂಚಾಯಿತಿಯದು.

ಮಳಲವಾಡದ ಪಂಚಾಯಿತಿ ಗ್ರಂಥಾಲಯಕ್ಕೆ ಅವನು ಮೇಲ್ವಿಚಾರಕ. ಗ್ರಂಥಾಲಯವೆಂದರೆ ಊರ ನೀರಿನ ಟಾಕಿಯ ಬುಡದಲ್ಲಿರುವ ಒಂದು ಕೋಣೆ. ಕಂಠ ಚೆನ್ನಾಗಿದೆ ಎಂಬ ತಪ್ಪಿಗೆ ಪಂಚಾಯಿತಿಯ ಪ್ರಕಟಣೆಗಳನ್ನೆಲ್ಲ ಅವನೇ ಓದಿ ರೆಕಾರ್ಡ್ ಮಾಡಬೇಕಿತ್ತು. ಹಸಿ ಕಸ, ಒಣ ಕಸ, ಪೋಲಿಯೊ ಹನಿ, ಮನೆ ತೆರಿಗೆ ಎಲ್ಲವೂ ಅವನ ದನಿಯಲ್ಲೇ ಕಸದ ಗಾಡಿಯ ಮೈಕಿನಿಂದ ಓಣಿ ಓಣಿ ತಿರುಗುತ್ತಿದ್ದವು. ಅವನು ಸುಮ್ಮನೆ ಯಾರನ್ನಾದರೂ ಮಾತಾಡಿಸಿದರೂ ಊರ ಹೆಂಗಸರು ಕಸದ ಬುಟ್ಟಿ ಹುಡುಕುತ್ತಿದ್ದರು.

ಎರಡು ವರ್ಷದ ಹಿಂದೆ ಗ್ರಂಥಾಲಯಕ್ಕೆ ಯಾರೋ ಪುಣ್ಯಾತ್ಮರು ಒಂದು ಡಬ್ಬಿ ಪುಸ್ತಕ ದಾನ ಮಾಡಿದ್ದರು. ಹನ್ನೊಂದು ಕಾದಂಬರಿ, ಹನ್ನೊಂದೂ ಒಂದೇ ಜಾತಿಯವು. ಮುಂದೊಂದು ಕಾಲದಲ್ಲಿ ಲೋಕ ಕೆಟ್ಟು ಕೆರ ಹಿಡಿದಿರುತ್ತದೆ. ದುಷ್ಟ ಆಳ್ವಿಕೆಯೊಂದು ಜನರನ್ನು ಹಿಂಡುತ್ತಿರುತ್ತದೆ. ಊರೆಲ್ಲ ತಲೆ ಬಗ್ಗಿಸಿದಾಗ ಹದಿನೇಳರ ಹುಡುಗಿಯೊಬ್ಬಳು ಒಲ್ಲೆ ಅನ್ನುತ್ತಾಳೆ. ಕಾಲೇಜು ಹುಡುಗಿಯರು ಒಂದೇ ತಿಂಗಳಲ್ಲಿ ಎಲ್ಲವನ್ನೂ ಓದಿ ಮುಗಿಸಿ, ‘ಇನ್ನಾ ಕೊಡ್ರಿ ಸರ’ ಎಂದು ದುಂಬಾಲು ಬಿದ್ದರು. ಹೊಸ ಪುಸ್ತಕಕ್ಕೆ ಅನುದಾನ ಬರಲಿಲ್ಲ. ಕೊನೆಗೆ ಕಲ್ಲಿನಾಥ ತಾನೇ ಒಂದನ್ನು ಬರೆಯಲು ಕೂತ.

ಅವನ ಕಾದಂಬರಿಯ ನಾಯಕಿ ಉಲ್ಕಾ. ಕಾಲ ಮುಂದಿನ ಶತಮಾನ. ಭೀಮಾ ನದಿಯನ್ನು ಜಲಪ್ರಭು ಎಂಬ ದುಷ್ಟ ಹಿಡಿದುಕೊಂಡಿದ್ದಾನೆ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ಸುನಿತಾ ಒಬ್ಬಳಿಗೆ. ಅವಳು ರೊಟ್ಟಿ ಬಡಿಯುವಾಗ ಇವನು ಪಕ್ಕದಲ್ಲಿ ಕೂತು ಓದುತ್ತಿದ್ದ. ಅವಳು ಪಾಪ, ಕೈ ನಿಲ್ಲಿಸದೆ ಕೇಳುತ್ತಿದ್ದಳು. ಕತೆಗಳನ್ನು ದನಿಯಲ್ಲಿ ಹೊರತರುವ ಕಂಪನಿಯೊಂದು ಮೂರು ನಿಮಿಷದ ಮಾದರಿ ಕಳಿಸಿ ಅಂದಿತ್ತು. ಜಲಪ್ರಭು ಊರಿಗೆ ಹೊರಡಿಸುವ ಆಜ್ಞೆಯನ್ನೇ ಕಲ್ಲಿನಾಥ ಗಡಸು ದನಿಯಲ್ಲಿ ಓದಿ, ಕೈಗೆ ಸಿಕ್ಕ ಪಂಚಾಯಿತಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದ.

ಬೆಳಿಗ್ಗೆ ಎಂಟಕ್ಕೆ ಪಿಡಿಒ ವಿದ್ಯಾವತಿ ಮೇಡಂ ಫೋನು ಬಂತು. ಆಳಂದ ಕಡೆಯ ಹೆಣ್ಣುಮಗಳು, ಮಾತು ನೇರ.

‘ಕಲ್ಲಿನಾಥ ಅವ್ರ, ಸೊನ್ನದ ಬ್ಯಾರೇಜಿನಾಗ ಗೇಟು ಎತ್ತಾಕತ್ತಾರ. ನಾಕಕ್ಕ ನಮ್ಮೂರಿಗೆ ನೀರು ಬರ್ತದ. ಹೊಳಿ ದಂಡಿ ಮ್ಯಾಲಿನ ಪಂಪು ಪುರಾ ತಗೀರಿ ಅಂತ ಜಲ್ದಿ ರೆಕಾರ್ಡ್ ಮಾಡಿ ಗಾಡಿಗೆ ಕೊಡ್ರಿ.’

‘ಹೌದ್ರಿ ಮೇಡಂ, ಈಗ ಮಾಡ್ತೇನಿ.’

‘ಹ್ವಾದ ವರ್ಷ ಒಂಬತ್ತು ಪಂಪು ಹೋದವು. ನಿಮ್ಮ ಅನೌನ್ಸು ಕೇಳಿ ಯಾರೂ ಜಾಗಾ ಬಿಟ್ಟು ಅಲುಗಿಲ್ಲ. ಈ ಸಲ ಒಂದು, ಒಂದೇ ಒಂದು ಪಂಪು ಹೋದ್ರೂ ನಿಮ್ಮ ಹೆಸರು ಬರೀತೇನಿ. ನಿಮ್ಮ ನೌಕರಿ ಮುಂದುವರಿಸೂ ಫೈಲು ನನ್ನ ಟೇಬಲ್ ಮ್ಯಾಲ ಅದ, ನೆನಪಿಡ್ರಿ.’

ಕಲ್ಲಿನಾಥ ಕೂಡಲೇ ರೆಕಾರ್ಡಿಂಗ್ ಶುರು ಮಾಡಿದ. ನೆಟ್ಟಗೆ ನಿಂತು, ಮರ್ಯಾದೆಯಿಂದ, ‘ಮಾನ್ಯ ರೈತ ಬಾಂಧವರಲ್ಲಿ ವಿನಂತಿ’ ಎಂದು ಓದಿ, ಅದನ್ನೂ ಪೆನ್‌ಡ್ರೈವಿಗೆ ಹಾಕಿ ಕಸದ ಗಾಡಿಯ ನಾಗರತ್ನಾಳ ಕೈಗೆ ಕೊಟ್ಟ. ಅವನದೇ ಕಬ್ಬಿಗೂ ಮೇಲಿನ ತಿರುವಿನಾಚೆ ನದಿಯಲ್ಲಿ ಒಂದು ಹೊಸ ಮೋಟರಿತ್ತು. ಯಾವುದೋ ಪತ್ರಿಕೆಯಲ್ಲಿ ಓದಿ ಎರಡು ನೀಲಿ ಡ್ರಮ್ಮುಗಳ ತೆಪ್ಪದ ಮೇಲೆ ಅದನ್ನು ಕೂರಿಸಿದ್ದ. ಊರಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಗಾಡಿ ಮೊದಲು ಹೋಗುವುದು ತನ್ನ ಓಣಿಗೇ, ಸುನಿತಾ ಕೇಳಿ ತೆಗೆಸುತ್ತಾಳೆ ಎಂದುಕೊಂಡು ನಿಶ್ಚಿಂತೆಯಿಂದ ಗ್ರಂಥಾಲಯದ ಬಾಗಿಲು ತೆಗೆದ.

ಹನ್ನೊಂದೂವರೆಗೆ ಬಾಗಿಲಲ್ಲಿ ಜೈತುನಬಿ ಕಾಣಿಸಿಕೊಂಡಳು. ಜೊತೆಗೆ ಪಿಯುಸಿ ಓದುವ ಮೊಮ್ಮಗಳು ಅಂಜುಮ, ಕೈಯಲ್ಲಿ ಪ್ಲಾಸ್ಟಿಕ್ ಕವರು.

‘ಸರ, ನಮ್ ಪೋರಿದು ಹೆಸರು ಹಚ್ಕೋರಿ. ಆಧಾರ್ ಅದ, ಫೋಟೊ ಎರಡು ಅದಾವ. ಇನ್ಕಮ್ಮಿಂದೂ ಬೇಕೇನ್ರಿ?’

‘ಯಾತರದ್ದು ಹೆಸರು, ಅಮ್ಮಾ?’

‘ನೀವಽ ಗಾಡ್ಯಾಗ ಒದರಾಕತ್ತೀರಿ, ಮತ್ತ ನಮ್ಮನ್ನೇ ಕೇಳ್ತೀರಿ! ಹದಿನೇಳು ತುಂಬಿದ ಹುಡುಗ್ಯಾರು ಟಾಕಿ ಮುಂದ ಬರ್ರಿ ಅಂತ.’

ಕಲ್ಲಿನಾಥ ಎದ್ದು ಬಾಗಿಲಿಗೆ ಓಡಿ ಬಂದ. ಅಷ್ಟರಲ್ಲಿ ಗಾಳಿ ಈ ಕಡೆ ತಿರುಗಿ, ದೂರದ ಓಣಿಯಿಂದ ಅವನದೇ ಗಡಸು ದನಿ ತೇಲಿಬಂತು: ‘ಭೀಮಾ ತೀರದ ಪ್ರಜೆಗಳೇ, ಕೇಳಿ! ಇಂದಿನಿಂದ ಈ ನದಿ ಜಲಪ್ರಭುತ್ವದ ಸ್ವತ್ತು. ದಂಡೆಯಲ್ಲಿ ಕಂಡ ಪಂಪು, ಪೈಪು, ದನಕರು ಎಲ್ಲವನ್ನೂ ಮುಟ್ಟುಗೋಲು ಹಾಕಿಕೊಳ್ಳಲಾಗುವುದು. ಹದಿನೇಳು ತುಂಬಿದ ಪ್ರತಿ ಹುಡುಗಿಯೂ ಜಲಗೋಪುರದ ಕೆಳಗೆ ಶರಣಾಗತಕ್ಕದ್ದು!’

ಗಾಡಿಯ ಹಳೇ ಪ್ಲೇಯರು ಮೊದಲನೆಯ ಫೈಲನ್ನೇ ಮತ್ತೆ ಮತ್ತೆ ಹಾಡುತ್ತದೆ ಎಂಬುದು ಅವನಿಗೆ ಆಗ ನೆನಪಾಯಿತು. ಅಂದರೆ ನೀರು ಬರುವ ಸುದ್ದಿ ಊರಲ್ಲಿ ಒಂದು ಕಿವಿಗೂ ಬಿದ್ದಿಲ್ಲ.

ಹೊರಗೆ ಸಾಲು ಬೆಳೆಯುತ್ತಿತ್ತು. ಇಪ್ಪತ್ಮೂರು ಹುಡುಗಿಯರು, ಅವರ ಹಿಂದೆ ತಾಯಂದಿರು, ಅತ್ತೆಯಂದಿರು. ಒಬ್ಬಾಕೆ ಕಿಟಕಿಯಿಂದಲೇ ಗೋಗರೆದಳು, ‘ನಮ್ಮಾಕಿಗೆ ಇನ್ನಾ ಒಂದು ತಿಂಗಳು ಕಮ್ಮಿ ಅದರಿ. ಹೆಂಗರ ಮಾಡಿ ಸೇರಿಸ್ರಿ, ಬಡವರ ಅದೀವಿ.’

‘ಇದು ಯೋಜನೆ ಅಲ್ರಿ! ಯಾರೂ ಏನೂ ಕೊಡೂದಿಲ್ಲ. ಹೊಳಿಗೆ ನೀರು ಬರ್ತದ, ಹೋಗಿ ಪಂಪು ತಗೀರಿ!’

‘ಎಲ್ಲಾ ಯೋಜನೆಗೂ ಮೊದಲ ಹಿಂಗೇ ಅಂತಾರ. ನಿಂದ್ರಬೇ, ಲೈನು ಬಿಡಬ್ಯಾಡ,’ ಎಂದು ಆಕೆ ಮಗಳನ್ನು ಮುಂದಕ್ಕೆ ತಳ್ಳಿದಳು.

ಅಂಥ ಅವಸರದಲ್ಲೂ ಕಲ್ಲಿನಾಥನೊಳಗಿನ ಲೇಖಕನಿಗೆ ನೋವಾಯಿತು. ಅಂಜುಮಳನ್ನು ಪಕ್ಕಕ್ಕೆ ಕರೆದ. ‘ಹನ್ನೊಂದು ಪುಸ್ತಕ ಓದೀಯಲ್ಲಾ, ಒಬ್ಬಾಕಿಯರ ಹಿಂಗ ಆಧಾರ್ ಹಿಡಕೊಂಡು ಶರಣಾದಳೇನು? ಕೋಟೆ ಗ್ವಾಡಿ ಒಡದ್ರು, ಕಾಡು ಹೊಕ್ಕರು. ನೀ ಯಾಕ ಬಂದೀ?’

ಅಂಜುಮ ಸ್ವಲ್ಪ ಯೋಚಿಸಿ ಹೇಳಿದಳು, ‘ಅವರಿಗೆಲ್ಲಾ ಸ್ಕಾಲರ್‌ಶಿಪ್ ಇರಲಿಲ್ರಿ ಸರ.’

ಅವನು ತಲೆ ಚಚ್ಚಿಕೊಂಡು ನಾಗರತ್ನಾಳಿಗೆ ಫೋನು ಮಾಡಿದ. ಒಂದು ಸಲ, ಆರು ಸಲ, ಹದಿನಾಲ್ಕು ಸಲ. ಮೈಕಿನ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ಸುನಿತಾಳ ಫೋನು ರಿಚಾರ್ಜಿಲ್ಲದೆ ಬಂದಾಗಿ ವಾರವಾಗಿತ್ತು. ಮೇಡಂಗೆ ಫೋನು ಮಾಡಲು ಎರಡು ಸಲ ಬೆರಳಿಟ್ಟು ಎರಡು ಸಲವೂ ಹಿಂದಕ್ಕೆ ತೆಗೆದ. ಏನೆಂದು ಹೇಳುವುದು? ನಿಮ್ಮ ಎಚ್ಚರಿಕೆಯ ಬದಲು ನನ್ನ ಕಾದಂಬರಿ ಊರು ತಿರುಗುತ್ತಿದೆ ಅನ್ನುವುದೇ?

ಸಾಲಿನ ತಾಯಂದಿರಿಂದ ಬಿಡಿಸಿಕೊಂಡು, ಹೋಟೆಲಿನವನ ಮೊಪೆಡ್ಡು ಎರವಲು ಪಡೆದು ಹೊರಡುವಾಗ ಒಂದೂವರೆ. ಗಾಡಿ ಅಷ್ಟರಲ್ಲಿ ಊರು ಮುಗಿಸಿ, ನದಿಯ ಉಲ್ಟಾ ದಿಕ್ಕಿಗೆ ಎರಡು ಹರದಾರಿ ದೂರದ ತಾಂಡಾಕ್ಕೆ ಹೋಗಿತ್ತು. ಕರಿ ಮಣ್ಣಿನ ಹಾದಿ, ಹಿಂದಿನ ದಿನದ ಮಳೆ. ಚಕ್ರ ಒಂದು ಸುತ್ತು ತಿರುಗಿದರೆ ಎರಡು ಸುತ್ತಿನ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಅರ್ಧ ದಾರಿ ಮೊಪೆಡ್ಡು ಅವನನ್ನು ಹೊತ್ತಿತು, ಉಳಿದರ್ಧ ಅವನು ಮೊಪೆಡ್ಡನ್ನು ದಬ್ಬಿದ. ಗಾಡಿ ಸಿಕ್ಕಾಗ ಮೂರಕ್ಕೆ ಐದು ನಿಮಿಷ.

‘ಬಂದ್ ಮಾಡಬೇ ನಾಗರತ್ನಾ! ಅದು ಅಲ್ಲ, ಎರಡನೇದು ಹಚ್ಚು!’

ನಾಗರತ್ನಾ ಸ್ಟೇರಿಂಗು ಬಿಡಲಿಲ್ಲ. ‘ನಾಕರ ತನಕಾ ನಿಂದ್ರಸಬ್ಯಾಡ ಅಂತ ಮೇಡಂ ಹೇಳ್ಯಾರ. ಅವರು ಹೇಳಿದ್ರ ನಿಂದ್ರಸ್ತೇನಿ, ನೀವಲ್ಲ.’

‘ಅದರಾಗ ಇರೂದು ನನ್ನ ಕತಿ!’

‘ದನಿ ನಿಮ್ಮದು ಅಂತ ಗೊತ್ತದರಿ. ಹ್ವಾದ ತಿಂಗಳು ತೆರಿಗಿ ಕಟ್ರಿ ಅಂತಾನೂ ನೀವಽ ಅಂದೀರಿ. ಅದೂ ಕತೀನೇನು?’

ಅವನು ಕೈ ಹಾಕಿ ಪೆನ್‌ಡ್ರೈವನ್ನು ಕಿತ್ತೇಬಿಟ್ಟ. ಮೈಕು ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ಸಿಕ್ಕಿಸಿ ಎರಡನೆಯದನ್ನು ಹಚ್ಚಲು ನೋಡಿದರೆ ಪ್ಲೇಯರಿನ ಫೈಲು ಬದಲಿಸುವ ಗುಂಡಿ ಯಾವಾಗಲೋ ಉದುರಿಹೋಗಿತ್ತು. ಇನ್ನು ಉಳಿದದ್ದು ಅವನ ಗಂಟಲು ಒಂದೇ.

ಮೊಪೆಡ್ಡನ್ನು ಅಲ್ಲೇ ಬಿಟ್ಟು, ನಾಗರತ್ನಾಳ ಕೈಕಾಲು ಹಿಡಿದು, ಕಸದ ಗಾಡಿಯ ಹಿಂದೆ ಹಸಿ ಕಸದ ಪಾಲಿನ ಜಾಗದಲ್ಲಿ ನಿಂತು ನದಿಗೆ ಹೊರಟ. ದಾರಿಯುದ್ದಕ್ಕೂ ‘ನೀರು ಬಂತು! ಪಂಪು ತಗೀರಿ!’ ಎಂದು ಕೂಗಿದ. ಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಟಾಕಿ ಮುಂದೆ ಸಾಲು ಹಚ್ಚಿದ್ದಾರೆ, ದಂಡೆಯ ಮೇಲೆ ನಲವತ್ತು ಪಂಪು ಅನಾಥವಾಗಿ ಕೂತಿವೆ ಎಂದುಕೊಂಡ. ನೌಕರಿ ಹೋಗುವುದೊಂದೇ ಅಲ್ಲ, ಈ ಊರಲ್ಲಿ ಮುಖ ಎತ್ತಿ ತಿರುಗುವುದೂ ಮುಗಿಯಿತು. ಅಳುವೇ ಬಂತು, ಅತ್ತೂ ಬಿಟ್ಟ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಗಾಡಿ ದಂಡೆಗೆ ಬಂತು.

ದಂಡೆ ಖಾಲಿ. ಕಣ್ಣು ಹಾಯುವಷ್ಟು ದೂರ ಒಂದು ಪಂಪಿಲ್ಲ, ಒಂದು ಪೈಪಿಲ್ಲ, ಒಂದು ಆಡಿನ ಮರಿಯೂ ಇಲ್ಲ. ಏರಿಯ ಮೇಲೆ ಊರ ಗಂಡಸರು ಬಡಿಗೆ ಹಿಡಿದು ಕೂತಿದ್ದರು. ಮುಂದೆ ಅಮೋಘಸಿದ್ದ ಗೌಡ. ಹೋದ ವರ್ಷ ಎರಡು ಪಂಪು ಕಳೆದುಕೊಂಡವನು ಅವನೇ.

‘ಪಂಪು ಎಲ್ಲಿ ಅದಾವ, ಗೌಡ್ರ?’

‘ನಂದು ಮಂಚದ ಬುಡಕ ಇಟ್ಟು ಮ್ಯಾಲ ಮುದುಕಿನ ಮಲಗಿಸೀನಿ. ಬರಲಿ ನಿನ್ನ ಜಲಪ್ರಭು, ಹೆಂಗ ಒಯ್ತಾನ ನೋಡ್ತೇನಿ.’

‘ಹ್ವಾದ ವರ್ಷ ಅಷ್ಟು ಹೇಳಿದ್ರೂ ಒಬ್ಬರೂ ತಗೀಲಿಲ್ಲಲ್ರಿ!’

‘ಹ್ವಾದ ವರ್ಷ ನೀರು ಬರ್ತಾವ ಅಂದಿ. ಹೊಳ್ಯಾಗ ನೀರು ಬರಲಾರದ ಏನು ಹಾಲು ಬರ್ತಾವೇನು? ಈ ಸಲ ಸರ್ಕಾರದವರು ಬರ್ತಾರ ಅಂದಿ. ಅದಕ್ಕ ಹೆದರಿದಿವಿ.’

ಅವನ ಮಾತು ಮುಗಿಯುವಷ್ಟರಲ್ಲಿ ಮೇಲಿನ ತಿರುವಿನಿಂದ ಕೆಂಪು ನೀರು ಬಂತು. ಬರಬರುತ್ತಲೇ ದಂಡೆ ನುಂಗಿ, ಪಂಪುಗಳಿದ್ದ ಕಲ್ಲುಕಟ್ಟೆಗಳನ್ನು ನುಂಗಿ, ಏರಿಯ ಸೊಂಟದ ತನಕ ಏರಿತು. ಗಂಡಸರು ಬಡಿಗೆ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಕಲ್ಲಿನಾಥ ಅಲ್ಲೇ ಕೆಸರಿನಲ್ಲಿ ಕೂತು ನಗತೊಡಗಿದ.

ವಿದ್ಯಾವತಿ ಮೇಡಂ ಹಾನಿಯ ಫಾರ್ಮು ಹಿಡಿದು ಜೀಪಿನಿಂದ ಇಳಿದರು. ಏರಿಯುದ್ದಕ್ಕೂ ನಡೆದು, ಕೇಳಿ, ನೋಡಿ ವಾಪಸು ಬಂದರು. ಅವರ ಮುಖದಲ್ಲಿ ಕಲ್ಲಿನಾಥ ಮೊದಲ ಸಲ ನಗು ಕಂಡ.

‘ಒಂದೂ ಹೋಗಿಲ್ಲ! ಖರೇನ ಕಮಾಲ್ ಮಾಡೀರಿ ಕಲ್ಲಿನಾಥ ಅವ್ರ. ಟಾಕಿ ಬುಡಕ ಹುಡುಗ್ಯಾರು ಯಾಕ ನಿಂತಾರ, ಅದನ್ನ ಆಮ್ಯಾಲ ಹೇಳ್ರಿ. ಈ ಸಲ ಏನು ಓದಿದ್ರಿ ಅಂಥಾದ್ದು?’

‘ಸ್ವಲ್ಪ ಭಾಷಾ ಬದಲ ಮಾಡಿದ್ದೆರಿ, ಮೇಡಂ,’ ಎಂದ ಕಲ್ಲಿನಾಥ ವಿನಯದಿಂದ. ಮನಸ್ಸಿನಲ್ಲಿ ಅವನಾಗಲೇ ಎರಡನೇ ಭಾಗ ಬರೆಯುತ್ತಿದ್ದ. ಒಂದೇ ಕೊರಗು: ಇಡೀ ಊರಲ್ಲಿ ಆ ಆಜ್ಞೆಗೆ ಒಲ್ಲೆ ಅನ್ನುವ ಒಬ್ಬ ಹೆಣ್ಣುಮಗಳೂ ಹುಟ್ಟಲಿಲ್ಲವಲ್ಲ.

ಆಗ ಅಮೋಘಸಿದ್ದ ಎದ್ದು ನಿಂತು ಹಣೆಗೆ ಕೈ ಹಚ್ಚಿದ. ‘ಅಲ್ಲೇನೋ ತೇಲಿ ಬರಾಕತ್ತದ ನೋಡ್ರಿ.’

ನಡುಹೊಳೆಯಲ್ಲಿ ಎರಡು ನೀಲಿ ಡ್ರಮ್ಮು ಗಿರಕಿ ಹೊಡೆಯುತ್ತ ಬಂದವು. ಅವುಗಳ ಮೇಲೆ ಕುಂಕುಮ ಹಚ್ಚಿದ ಹೊಸ ಮೋಟರು ನೆಟ್ಟಗೆ ಕೂತಿತ್ತು. ಎಲ್ಲರ ಎದುರಿಗೇ ಹಾದು, ಹೊಳೆಯ ಕೆಳಗಿನ ಗಾಣಗಾಪುರದ ದಿಕ್ಕಿಗೆ ಹೊರಟುಹೋಯಿತು.

ಸುನಿತಾ ಏರಿಯ ಮೇಲೆ ಓಡಿ ಬಂದಳು. ಕಲ್ಲಿನಾಥ ಎದುರು ಹೋಗಿ ಕೇಳಿದ. ‘ನಮ್ಮ ಓಣಿಗೆ ಗಾಡಿ ಬಂದಿರಲಿಲ್ಲೇನು?’

‘ಎರಡು ಸಲ ಬಂತಲ್ರಿ.’

‘ಮತ್ತ ಮೋಟರ ಯಾಕ ತಗಸಲಿಲ್ಲ?’

‘ಊರ ಮಂದಿಗೆ ಗೊತ್ತಿಲ್ಲ, ನನಗ ಗೊತ್ತಿಲ್ಲೇನು ಅದು ನಿಮ್ಮ ಕತಿ ಅಂತ? ಮೂರು ತಿಂಗಳು ಕೇಳೀನಿ, ಬಾಯಿಪಾಠ ಆಗ್ಯಾದ. ಗೌಡ್ರು ಬಂದು ನಿಮ್ಮದೂ ತಗೀತೇವಿ ತಂಗಿ ಅಂದ್ರು. ಮುಟ್ಟಿದ್ರ ನೋಡ್ರಿ ಅಂತ ಹೇಳಿ ಕಳಿಸೀನಿ. ಉಲ್ಕಾನೂ ಹಂಗೇ ಅಂತಾಳಲ್ರಿ, ಊರೆಲ್ಲ ಬಗ್ಗಿದ್ರೂ ನಾ ಬಗ್ಗೂದಿಲ್ಲ ಅಂತ!’

ಕಲ್ಲಿನಾಥ ಹೆಂಡತಿಯ ಮುಖ ನೋಡಿದ, ಹೊಳೆ ನೋಡಿದ, ಮತ್ತೆ ಹೆಂಡತಿಯ ಮುಖ ನೋಡಿದ.

ವಿದ್ಯಾವತಿ ಮೇಡಂ ಮಡಚಿಟ್ಟಿದ್ದ ಫಾರ್ಮನ್ನು ಮತ್ತೆ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು. ಅವರ ನಗು ಮಾಯವಾಗಿತ್ತು.

‘ಹೋದ ಪಂಪು, ಒಂದು. ಮಾಲೀಕರ ಹೆಸರು?’

ಕಲ್ಲಿನಾಥ ತಲೆ ತಗ್ಗಿಸಿ ತನ್ನ ಹೆಸರು ಹೇಳಿದ. ಮೇಡಂ ಬರೆದುಕೊಂಡರು. ಕೆಳಗಿನ ಸಾಲಿನಲ್ಲಿ ‘ಹಾನಿಗೆ ಹೊಣೆಯಾದ ಸಿಬ್ಬಂದಿಯ ಹೆಸರು’ ಎಂದಿತ್ತು. ಅದನ್ನು ಅವರು ಕೇಳಲಿಲ್ಲ. ‘ಮೇಲಿನಂತೆ’ ಎಂದು ಬರೆದು ಸಹಿ ಹಾಕಿದರು.