ನಮ್ಮ ಎಮ್ಮೆ ರಾಜನ ಕುದುರೆಯಾದದ್ದು

ನಮ್ಮ ಮನೆಯ ಎಮ್ಮೆ ಒಮ್ಮೆ ರಾಜನ ಕುದುರೆಯಾಗಿತ್ತು ಎಂದರೆ ನಂಬುತ್ತೀರಾ? ನಂಬಬೇಡಿ, ಎಮ್ಮೆಯೂ ನಂಬಿರಲಿಲ್ಲ! ಆದರೆ ನಮ್ಮ ಕಾಕಾ ನಂಬಿದ್ದ. ಅಪ್ಪನ ತಮ್ಮನಾದ ಈ ಕಾಕಾ ಏನನ್ನಾದರೂ ನಂಬಿದನೆಂದರೆ ಮುಗಿಯಿತು, ಅಕ್ಕೋಳದ ನಮ್ಮ ಇಡೀ ಮನೆತನ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕಿತ್ತು.

ಎಂಬತ್ತರ ದಶಕದ ಮಾತು. ಕಬ್ಬು ಕಾರ್ಖಾನೆಗೆ ಹೋಗಿ, ತಂಬಾಕಿನ ಕೆಲಸ ಮುಗಿದು, ಊರ ಗಂಡಸರೆಲ್ಲ ಕಟ್ಟೆಯ ಮೇಲೆ ಇಸ್ಪೀಟು ಹಾಕುವ ಹೊತ್ತಿಗೆ ಕಾಕಾ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ. ಹೆಗಲಿಗೊಂದು ಚೀಲ, ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಎಲ್ಲಿಗೆ? ಮ್ಯೂಸಿಯಂ ನೋಡಲಿಕ್ಕೆ! ಒಂದು ವರ್ಷ ಕೊಲ್ಲಾಪುರ, ಒಂದು ವರ್ಷ ಪುಣೆ, ಇನ್ನೊಂದು ವರ್ಷ ಮುಂಬೈ.

“ಎಸ್‌ಟಿ ಬಸ್ಸೆಲ್ಲಾ ಸುಟ್ಟ ಹೋಗ್ಯಾವೇನಲೇ?” ಎಂದು ಅವನ ಅವ್ವ, ಅಂದರೆ ನಮ್ಮ ಆಯಿ, ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು.

“ಬಸ್ಸಿನ್ಯಾಗ ಕುಂತ್ರ ದಾರಿ ಕಾಣಂಗಿಲ್ಲವ್ವಾ.”

“ನೀ ಚಿತ್ರ ನೋಡಾಕ ಹೊಂಟೀಯೋ, ದಾರಿ ನೋಡಾಕೋ?”

ಕಾಕಾ ಗಂಟೆ ಬಾರಿಸಿ ಹೊರಟೇಬಿಡುತ್ತಿದ್ದ. ತಿರುಗಿ ಬಂದಾಗ ಆಯಿ ಕೈ ಒಡ್ಡುತ್ತಿದ್ದಳು. ಅಷ್ಟು ದೂರ ಹೋದವನು ಪ್ರಸಾದ ತಾರದೆ ಇರುತ್ತಾನೆಯೇ? ಮುಂಬೈಯಿಂದ ಬಂದ ಕಾಕಾ ಬೇರೇನೂ ತೋಚದೆ ಜೇಬಿನಿಂದ ಮ್ಯೂಸಿಯಂನ ಹರಿದ ಟಿಕೇಟು ತೆಗೆದು ಕೊಟ್ಟ. ಆಯಿ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು. ಆ ಟಿಕೇಟಿಗೆ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಕುಂಕುಮ ಬಿತ್ತು!

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ನೋಡಿದ ಚಿತ್ರವನ್ನು ಮನೆಗೆ ತರುವುದು ಹೇಗೆ? ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಬಿಟ್ಟರೂ ಕಾಕಾನ ಬಳಿ ಕ್ಯಾಮೆರಾ ಎಲ್ಲಿಂದ ಬರಬೇಕು? “ತಲ್ಯಾಗ ತುಂಬ್ಕೊಂಡ ಬಂದೇನಿ” ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ಆ ತಲೆಯನ್ನು ನಮ್ಮ ಮೇಲೆ ಖಾಲಿ ಮಾಡುತ್ತಿದ್ದ. ಕೊಲ್ಲಾಪುರದ ಚಿತ್ರದಲ್ಲಿ ರಾಜನೊಬ್ಬ ಬಾವಿಯ ಹತ್ತಿರ ಕುದುರೆ ನಿಲ್ಲಿಸಿ ನೀರು ಕೇಳುತ್ತಾನಂತೆ, ಹುಡುಗಿ ಕೊಡ ಬಗ್ಗಿಸುತ್ತಾಳಂತೆ. ಸರಿ, ಅಪ್ಪನ ತಲೆಗೆ ರುಮಾಲು ಸುತ್ತಿದ. ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತ ಪರೀಕ್ಷೆಯ ಚಿಂತೆಯಲ್ಲಿದ್ದ ನನ್ನ ಸೊಂಟಕ್ಕೆ ಹಿತ್ತಾಳೆ ಕೊಡ ಏರಿಸಿದ. ಕುದುರೆ? ಎಮ್ಮೆ ಇತ್ತಲ್ಲ!

“ಅಳ್ಳಾಡಬ್ಯಾಡ ಬೇ! ಚಿತ್ರ ಎಲ್ಲೆರೆ ಅಳ್ಳಾಡತೈತೇನು?”

“ಕಾಕಾ, ಮೂಗಿನ ಮ್ಯಾಲ ನೊಣ ಕುಂತೈತಿ.”

“ಕುಂದ್ರಲಿ. ಅದೂ ಚಿತ್ರಾನ ನೋಡಾಕತ್ತೈತಿ.”

ಅಷ್ಟರಲ್ಲಿ ರಾಜನ ಕುದುರೆ ಬಾಲ ಎತ್ತಿ ಸಗಣಿ ಹಾಕಿತು. ರಾಜ ಹೌಹಾರಿ ಹಿಂದೆ ಸರಿದ, ರುಮಾಲು ಬಿಚ್ಚಿ ಅದರ ಮೇಲೆಯೇ ಬಿತ್ತು. ಮಣೆಯ ಮೇಲೆ ಕೂತಿದ್ದ ಒಬ್ಬಳೇ ಪ್ರೇಕ್ಷಕಿ, ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗು ಬಾಯಿಗೊತ್ತಿಕೊಂಡು ಬಿದ್ದು ಬಿದ್ದು ನಕ್ಕಳು.

ಪ್ರತಿ ಸಲವೂ ನೋಡುವವಳು ಕಾಕು ಒಬ್ಬಳೇ. ಅವಳನ್ನು ಕಾಕಾ ಎಂದೂ ನಮ್ಮ ಸಾಲಿನಲ್ಲಿ ನಿಲ್ಲಿಸಲಿಲ್ಲ. ಕಾಕುವಿಗೆ ಚಿತ್ರವೆಂದರೆ ಜೀವ. ಕ್ಯಾಲೆಂಡರ್ ಹಳೆಯದಾದರೂ ಗೋಡೆಯಿಂದ ಇಳಿಸಲು ಬಿಡುತ್ತಿರಲಿಲ್ಲ. ಆದರೆ ಪಾಪ, ಅವಳಿಗೆ ಬಸ್ಸು ಆಗಿಬರುತ್ತಿರಲಿಲ್ಲ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಡೀಸೆಲ್ ವಾಸನೆ ಬಡಿದರೆ ಸಾಕು, ಬಸ್ಸು ಬರುವ ಮೊದಲೇ ವಾಂತಿ! ರಾಯಬಾಗದ ಸ್ಟೇಶನ್ನಿಗೆ ಒಯ್ದು ರೈಲು ಹತ್ತಿಸಿಯೂ ನೋಡಿದರು; ಸೀಟಿ ಊದುವ ಮೊದಲೇ ಇಳಿಸಬೇಕಾಯಿತು. ಬೇಡಕಿಹಾಳದ ತವರಿಗೂ ಎತ್ತಿನ ಗಾಡಿಯಲ್ಲೇ ಹೋಗುತ್ತಿದ್ದಳು.

“ಒಮ್ಮೆರೆ ಖರೇ ಚಿತ್ರ ನೋಡಬೇಕ್ರಿ ನಾ,” ಎಂದು ಆಸೆಯಿಂದ ಅನ್ನುತ್ತಿದ್ದಳು.

“ನೋಡೂಣಂತ,” ಎಂದು ಕಾಕಾ ಸೈಕಲ್ ಒರೆಸುತ್ತ ಕೂಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಊರೂರು ಸುತ್ತಿ ಬಂದು ಹೆಂಡತಿಗೆ ಎಮ್ಮೆ ತೋರಿಸುವ ಗಂಡಸು!

ಅಥಣಿ, ವಿಜಾಪುರದ ಮೇಲೆ ಹೈದರಾಬಾದಿಗೆ ಹೋಗಿ ಬಂದ ವರ್ಷ ಸರದಿ ಆಯಿಯದು. ಅಲ್ಲೊಂದು ಹಾಲುಗಲ್ಲಿನ ಹೆಂಗಸಿದ್ದಾಳಂತೆ. ಮುಖದ ಮೇಲಿನ ಸೆರಗೂ ಕಲ್ಲೇ, ಆದರೂ ಒಳಗಿನ ಮುಖ ಕಾಣುತ್ತದಂತೆ. ಕಾಕಾ ಆಯಿಯನ್ನು ಗೋಡೆಗೆ ನಿಲ್ಲಿಸಿ, ಬಿಳಿ ಧೋತರ ನೀರಲ್ಲಿ ಅದ್ದಿ ಮುಖದ ಮೇಲೆ ಹೊದಿಸಿದ.

“ಲೇ ಭಾಡ್ಯಾ, ನಾ ಇನ್ನಾ ಸತ್ತಿಲ್ಲೋ!” ಎಂದು ಆಯಿ ಒಳಗಿನಿಂದ ಚೀರಿದಳು. ಓಣಿಯವರು ಅದರಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡು ಅಳುತ್ತ ಓಡಿ ಬಂದರು!

ಊರ ಶಾಲೆಯ ಡ್ರಾಯಿಂಗ್ ಮಾಸ್ತರರು ಒಮ್ಮೆ ಭಕ್ತಿಯಿಂದ ಬಂದು, “ಪುಣೆದಾಗ ಏನೇನ ನೋಡಿದ್ರಿ?” ಎಂದು ಕೇಳಿದರು.

“ಕಾಗಲ ದಾಟಿದ ಮ್ಯಾಲ ಆಲದ ಗಿಡದ ನೆರಳ ಐತ್ರಿ,” ಎಂದ ಕಾಕಾ. “ಕರಾಡದ ಈಚೆ ಒಬ್ಬಾಕಿ ಮುದುಕಿ ಹೆಣ್ಣಮಕ್ಕಳಿಗೆ ಬಚ್ಚಲಮನಿ ಬಿಟ್ಟ ಕೊಡತಾಳ್ರಿ. ಸಾತಾರ ದಾಟಿದ್ರ ಘಾಟು, ಅಲ್ಲಿ ಮಾತ್ರ ಇಳದ ನೂಕಬೇಕ್ರಿ.”

ಮಾಸ್ತರರು ಹೊರಗೆ ಬಂದು ನನ್ನನ್ನು ಕೇಳಿದರು: “ಇವರು ಮ್ಯೂಸಿಯಂ ನೋಡ್ಯಾರೋ, ರಸ್ತಾ ಅಳ್ಯಾಕ ಹೋಗಿದ್ರೋ?”

ತೊಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಕಾಕಾ ನಿಪ್ಪಾಣಿಯ ಸೈಕಲ್ ಅಂಗಡಿಯಲ್ಲಿ ಕ್ಯಾರಿಯರ್ ಅಗಲ ಮಾಡಿಸಿ, ಮೇಲೊಂದು ಹತ್ತಿಯ ಗಾದಿ ಹಾಕಿಸಿಕೊಂಡು ಬಂದ. ಅದರ ಮೇಲೆ ಜೋಳದ ಚೀಲ ಕಟ್ಟಿ ದಿನಾ ಬೇಡಕಿಹಾಳದವರೆಗೆ ಹೋಗಿ ಬರತೊಡಗಿದ.

“ಜ್ವಾಳಾ ಮಾರಾಕ ಹೊಂಟೀರೇನ್ರಿ?” ಎಂದು ಕಟ್ಟೆಯವರು ಕೇಳಿದರೆ, “ಇಲ್ರಿ, ಗಾಳಿಗೆ ತಿರುಗ್ಯಾಡಸಾಕ ಒಯ್ಯಾಕತ್ತೇನಿ” ಎನ್ನುತ್ತಿದ್ದ.

ಊರೇ ನಕ್ಕಿತು. ತಲೆ ಪೂರ್ತಿ ಕೆಟ್ಟಿತೆಂದು ಆಯಿ ನಿಂಬೆಹಣ್ಣು ನಿವಾಳಿಸಿದಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: “ಏನ ಇದು ಕಾಕಾ?”

“ಚೀಲದ ತೂಕ ಅಂದ್ರ ನಿಮ್ಮ ಕಾಕೂನ ತೂಕ, ತಂಗಿ. ಏರಿನ್ಯಾಗ, ತಗ್ಗಿನ್ಯಾಗ ಎಲ್ಲೂ ಆಕೀನ ಬೀಳಸಬಾರದಲ್ಲ?” ಗಾದಿಯನ್ನು ಒತ್ತಿ ನೋಡುತ್ತ ಮೆಲ್ಲಗೆ ಹೇಳಿದ: “ಆಕೀಗೆ ವಾಕರಿಕಿ ತರಲಾರದ್ದು ಸೈಕಲ್ ಒಂದ. ಅದಕ್ಕ ಇಷ್ಟ ವರ್ಷ ದಾರಿ ನೋಡಿ ಬಂದೆ. ನೆರಳ ಎಲ್ಲೈತಿ, ನೀರ ಎಲ್ಲೈತಿ, ಆಕಿ ಎಲ್ಲಿ ಕುಂದ್ರಬೇಕು... ನಾ ಒಬ್ಬಾವ ಚಿತ್ರ ನೋಡಿ ಏನ ಮಾಡೂದೈತಿ?”

ಇಷ್ಟು ವರ್ಷ ಹುಚ್ಚನೆಂದು ನಕ್ಕದ್ದು ಈ ಮನುಷ್ಯನಿಗೇ? ಅಷ್ಟರಲ್ಲಿ ಅಡಿಗೆಮನೆಯಿಂದ ಕಾಕು ಕೂಗಿದಳು: “ಆ ಚೀಲದಷ್ಟ ದಪ್ಪ ಅದೀನೇನ್ರಿ ನಾ?”

ಮೊದಲ ಸವಾರಿ ಕೊಲ್ಲಾಪುರಕ್ಕೆ. ಅಪ್ಪ, ನಾನು ಬಸ್ಸಿನಲ್ಲಿ ಹೋಗಿ ಮ್ಯೂಸಿಯಂ ಬಾಗಿಲಲ್ಲಿ ಕಾದೆವು. ಕಾಕಾ ಬೆವರು ಸುರಿಸುತ್ತ ಬಂದ. ಹಿಂದೆ ಕಾಕು, ಮದುವೆಯ ಇಳಕಲ್ ಸೀರೆ ಉಟ್ಟು, ಅಬ್ಬಲಿಗೆ ಮುಡಿದು. “ಒಂದ ಸಲಾನೂ ವಾಂತಿ ಆಗಲಿಲ್ಲ ಬೇ!” ಎಂದು ಇಳಿಯುವ ಮೊದಲೇ ಹೇಳಿದಳು.

ಒಳಗೆ ಆ ಚಿತ್ರದ ಮುಂದೆ ಅವಳು ಬಹಳ ಹೊತ್ತು ನಿಂತಳು. ರಾಜ, ಬಾವಿ, ಕೊಡದ ಹುಡುಗಿ, ಬಿಳಿ ಕುದುರೆ. ಕಾಕಾ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದ.

“ಯಾಕ, ಚಲೋ ಇಲ್ಲೇನು?” ಎಂದು ಅಂಜುತ್ತ ಕೇಳಿದ.

“ಚಲೋ ಐತ್ರಿ. ಆದ್ರ ನಮ್ಮ ಎಮ್ಮಿ ಎಲ್ಲೈತಿ?”

ಕಾವಲಿನವನು ಗದರಿಸುವಷ್ಟು ಜೋರಾಗಿ ನಕ್ಕೆವು. ಕಾಕು ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು:

“ಹೈದರಾಬಾದದಾಗ ಆ ಕಲ್ಲಿನ ಸೆರಗಿನಾಕಿ ಅದಾಳಲ್ಲ, ಭಾಳ ದೂರ ಏನ್ರಿ?”

“ಭಾಳ ದೂರ.”

“ಹಂಗಾರ ಗಾದಿಗೆ ಇನ್ನೊಂದೀಟ ಹತ್ತಿ ತುಂಬ್ರಿ.”