ಎಲ್ಲದಕ್ಕೂ ‘ಲವ್ಲಿ’ ಎನ್ನುವ ಚಾಳಿಯನ್ನು ತಡೆಯುವ ಬಗ್ಗೆ

ಪಟ್ಟಣ ಆಡಳಿತ ಕಚೇರಿ, ಥಾರ್ನ್‌ಬೆಕ್, ಯಾರ್ಕ್‌ಷೈರ್
ಸುತ್ತೋಲೆ ಸಂಖ್ಯೆ: ವಾಕ್‌ಶಿಸ್ತು/9/41

ವಿಷಯ: ‘ಲವ್ಲಿ’, ಅಂದರೆ ಬಹು ಸೊಗಸು, ಎಂಬ ಗುಣವಾಚಕದ ಮಿತಬಳಕೆ.

ಉಲ್ಲೇಖ: ಉಪ ಮೇಲ್ವಿಚಾರಕರ ದೂರು, ಕಳೆದ ಸೋಮವಾರ. (ಹವೆ: ಬೆಳಗಿನಿಂದ ಜಿಟಿಜಿಟಿ ಮಳೆ.)

ಸದರಿ ಬೆಳಿಗ್ಗೆ ವೃದ್ಧರಾದ ಶ್ರೀ ವಿಲ್ಫ್ರೆಡ್ ಒಗ್ಡನ್ ತಮ್ಮ ಪತ್ನಿಯ ಮರಣ ನೋಂದಣಿಯ ಕಾಗದವನ್ನು ಕೊಟ್ಟಾಗ, ಹತ್ತೊಂಬತ್ತು ವರ್ಷಗಳಿಂದ ಕೌಂಟರಿನಲ್ಲಿ ಕೂರುತ್ತಿರುವ ಗುಮಾಸ್ತೆ ಶ್ರೀಮತಿ ಮಾಡ್ ಥ್ವೇಟ್ ಅದನ್ನು ಪಡೆದು, “ಲವ್ಲಿ. ಇಲ್ಲೊಂದು ಸಹಿ ಹಾಕ್ಬಿಡಿ, ಯಜಮಾನ್ರೇ” ಎಂದಿರುತ್ತಾರೆ. ಆಕೆ ಸಾವನ್ನು ಮೆಚ್ಚಿದ್ದಾರೆಂದು ತೀರ್ಮಾನಿಸಲಾಗಿದೆ. ಬಳಿಕ ಮಳೆಗೆ ತಮ್ಮ ಸ್ವಂತ ಕೊಡೆಯನ್ನು ಅವರಿಗೆ ಕೊಟ್ಟು ಕಳಿಸಿದ್ದು ಪ್ರಕರಣಕ್ಕೆ ಸಂಬಂಧಿಸಿಲ್ಲ.

ಕೈಗೆ ಏನು ಬಂದರೂ ‘ಲವ್ಲಿ’ ಎನ್ನುವುದು ಊರಿನ ರೂಢಿಯೆಂಬ ವಾದವನ್ನು ತಿರಸ್ಕರಿಸಲಾಗಿದೆ. ರೂಢಿಗೆ ಕಡತವಿಲ್ಲ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಬಿಸಿಲನ್ನು ‘ಲವ್ಲಿ’ ಎನ್ನುವ ಮುನ್ನ ಅದು ಹನ್ನೊಂದು ನಿಮಿಷ ನಿಂತಿರತಕ್ಕದ್ದು.

2. ಚಹಾವನ್ನು ಕುಡಿದ ಮೇಲಷ್ಟೇ ಹಾಗೆನ್ನಬಹುದು. ಕಪ್ ಕೈಗೆ ಬರುತ್ತಲೇ ಹಾಗೆಂದವರು ಮುಂಗಡ ಮೆಚ್ಚುಗೆಗೆ ಲಿಖಿತ ಕಾರಣ ಕೊಡತಕ್ಕದ್ದು.

3. ಪರರ ಕೂಸಿನ ಮುಖವನ್ನು ಹಾಗೆನ್ನುವ ಮುನ್ನ ಇಬ್ಬರು ಅಧಿಕಾರಿಗಳು ಪರಿಶೀಲಿಸತಕ್ಕದ್ದು. ಒಮ್ಮತ ಮೂಡದಿದ್ದಲ್ಲಿ ಆರು ತಿಂಗಳ ನಂತರ ಕೂಸನ್ನು ಮರಳಿ ಹಾಜರುಪಡಿಸತಕ್ಕದ್ದು.

4. ಉಪ ಮೇಲ್ವಿಚಾರಕರ ಹೊಸ ಟೋಪಿಗೆ ಈ ನಿರ್ಬಂಧಗಳು ಅನ್ವಯಿಸುವುದಿಲ್ಲ.

5. ಉಳಿದೆಲ್ಲ ಸಂದರ್ಭಗಳಲ್ಲಿ “ಸ್ವೀಕರಿಸಲಾಗಿದೆ” ಎನ್ನತಕ್ಕದ್ದು.

6. ಶ್ರೀಮತಿ ಥ್ವೇಟ್ ಇನ್ನೊಮ್ಮೆ ಆ ಪದವನ್ನಾಡಿದರೆ, ಅವರನ್ನು ಜನರ ಸುಳಿವೇ ಇಲ್ಲದ ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗಾಯಿಸಲಾಗುವುದು.

7. ಶ್ರೀ ಒಗ್ಡನ್ ಅವರ ಹೇಳಿಕೆ: “ಹೆಂಡ್ತಿ ಹೋದ್ಲು ಅಂತ ಗೊತ್ತಾದ್ಮೇಲೆ ನನ್ನ ಕಂಡ್ರೆ ಊರೋರೆಲ್ಲ ರಸ್ತೆ ದಾಟಿ ಆ ಕಡೆ ಹೋಗ್ತಿದ್ರು. ದಿನಾ ಮಾತಾಡ್ಸೋ ಹಾಗೆ ಮಾತಾಡ್ಸಿದ್ದು ಈ ತಾಯಿ ಒಬ್ಬಳೇ ಕಣ್ರೀ. ನಿಮ್ಮ ಟೋಪಿ ಸಾಹೇಬ್ರಿಗೆ ಬೇರೆ ಕೆಲ್ಸ ಇಲ್ವಾ?” ವಿಷಯಾಂತರವೆಂದು ಇದನ್ನು ಕೈಬಿಡಲಾಗಿದೆ.

ಸಹಿ/-
ಉಪ ಮೇಲ್ವಿಚಾರಕರು
(ದೂರುದಾರರು, ವಿಚಾರಣಾಧಿಕಾರಿಗಳು ಹಾಗೂ ಟೋಪಿಯ ಮಾಲೀಕರು)

ಪ್ರತಿಗಳು:

1. ಸೂಚನಾ ಫಲಕಕ್ಕೆ.

2. ನೆಲಮಾಳಿಗೆಗೆ: ಕುರ್ಚಿಯೊಂದನ್ನು ಒರೆಸಿಡುವ ಸಲುವಾಗಿ.

3. ಶ್ರೀಮತಿ ಥ್ವೇಟ್ ಅವರಿಗೆ: “ಸ್ವೀಕರಿಸಲಾಗಿದೆ” ಎಂದರು.

4. ಶ್ರೀ ಒಗ್ಡನ್ ಅವರಿಗೆ: ಪ್ರತಿಗಾಗಿ ಕೌಂಟರಿಗೆ ಬಂದವರು, ಒಣಗಿಸಿ ಮಡಚಿದ್ದ ಕೊಡೆಯನ್ನು ಮುಂದಿಟ್ಟರು. ಶ್ರೀಮತಿ ಥ್ವೇಟ್ ಬಾಯಿ ತೆರೆದು, ಹಿಂದೆ ನಿಂತಿದ್ದ ಟೋಪಿಯನ್ನು ನೋಡಿ, ಮುಚ್ಚಿಕೊಂಡರು. “ಲವ್ಲಿ” ಎಂದು ಆಕೆಯ ಪರವಾಗಿ ಶ್ರೀ ಒಗ್ಡನ್ ಅವರೇ ಮೆಲ್ಲಗೆ ಅಂದು ಹೋದರು. ಅವರು ಸಿಬ್ಬಂದಿಯಲ್ಲದ ಕಾರಣ ಕ್ರಮ ಕೈಗೊಳ್ಳಲಾಗಿಲ್ಲ.