ಉಪ್ಪಿನಕಾಯಿಗೂ ತಾರೀಖು ಬರೆಯುವ ಅತ್ತೆ

ನಮ್ಮ ಸೋದರತ್ತೆಯ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಯಾರೂ ಬಿಸಿ ರೊಟ್ಟಿ ತಿಂದಿಲ್ಲ ಎಂದರೆ ನೀವು ನಂಬಬೇಕು! ಬಡತನವೇ? ಛೆ, ಛೆ! ದಿನಾ ರೊಟ್ಟಿ ಬಡಿಯುತ್ತಾಳೆ. ಆದರೆ ಮೊದಲು ನಿನ್ನೆಯದು ಮುಗಿಯಬೇಕು. ಅದು ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿ, ಇವತ್ತಿನದು ನಾಳೆಗೆ ಉಳಿಯುತ್ತದೆ!

ತಪ್ಪು ಅವಳದಲ್ಲ, ನೌಕರಿಯದು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಔಷಧಿ ಉಗ್ರಾಣ ಅವಳ ಕೈಯಲ್ಲಿತ್ತು. ಸಿರುಗುಪ್ಪ, ಕುರುಗೋಡಿನಲ್ಲಿದ್ದ ಅದರ ಸಣ್ಣ ಶಾಖೆಗಳಿಗೂ ಅಲ್ಲಿಂದಲೇ ಔಷಧಿ ಹೋಗಬೇಕು. ಹಳೆಯದು ಮೊದಲು ಖರ್ಚಾಗಬೇಕೆಂಬ ಉಗ್ರಾಣದ ನಿಯಮವನ್ನು ಅತ್ತೆ ಸತ್ಯನಾರಾಯಣಪೇಟೆಯ ತನ್ನ ಅಡುಗೆಮನೆಗೂ ತಂದಿದ್ದಳು. ಉಪ್ಪಿನಕಾಯಿ ಭರಣಿಗೂ ತಾರೀಖಿನ ಚೀಟಿ! ಒಮ್ಮೆ ನೆಂಟರೊಬ್ಬರು, "ನಿಮ್ಮ ಮನ್ಯಾಗ ತಾಜಾ ಏನಾರ ಐತೇನ್ರೀ?" ಎಂದರೆ, "ಐತ್ರಿ, ನನ್ನ ಸಿಟ್ಟು!" ಎಂದಳು.

ಒಂದು ಮಳೆಗಾಲದ ತನಕ ಹೀಗೆ ನಗುತ್ತಲೇ ಇದ್ದೆವು.

ಆಗ ರಾರಾವಿಯ ಹೆಣ್ಣುಮಗಳೊಬ್ಬಳಿಗೆ ಭತ್ತದ ಗದ್ದೆಯಲ್ಲಿ ಹಾವು ಕಡಿಯಿತು. ಸಿರುಗುಪ್ಪದ ಶಾಖೆಗೆ ಕರೆತಂದರೆ, ಅಲ್ಲಿ ಹಾವಿನ ಇಂಜೆಕ್ಷನ್ ಮುಗಿದು ನಾಲ್ಕು ದಿನವಾಗಿತ್ತು. ಕುರುಗೋಡಿನ ಫ್ರಿಡ್ಜಿನಲ್ಲಿ ಬೇಕಾದಷ್ಟಿತ್ತು. ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಬಳ್ಳಾರಿಗೆ ಸಾಗಿಸುವಾಗ ದಾರಿಯಲ್ಲೇ ಆಕೆ ತೀರಿಕೊಂಡಳು.

ಎರಡೂ ಶಾಖೆಗಳಿಗೆ ಅತ್ತೆ ಸಮನಾಗಿ ಹಂಚಿದ್ದಳು. ಕಾಗದದಲ್ಲಿ ತಪ್ಪಿರಲಿಲ್ಲ. ಯಾರೂ ಅವಳನ್ನು ದೂರಲಿಲ್ಲ. "ಗದ್ದಿ ಎಲ್ಲಿ ಜಾಸ್ತಿ ಅದಾವು, ಒಂದು ಸಲನಾದ್ರೂ ಹೋಗಿ ನೋಡಿದ್ನೇನು ನಾನು?" ಎಂದು ಅವಳೇ ತನ್ನನ್ನು ಕೇಳಿಕೊಳ್ಳುತ್ತಿದ್ದಳು.

ಕುರ್ಚಿಯಿಂದೆದ್ದು ಬಸ್ಸು ಹತ್ತಿದಳು. ಎರಡೂ ಊರಿನ ಕಪಾಟುಗಳನ್ನು ತಾನೇ ತೆರೆದು ನೋಡಿದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೂರೂ ಕಡೆಯವರು ಫೋನಿನಲ್ಲಿ ಸೇರಿ, ಏನಿದೆ, ಏನಿಲ್ಲ ಹೇಳಬೇಕು. ಇದ್ದವರು ಇಲ್ಲದವರಿಗೆ ಅವತ್ತೇ ಕಳಿಸಬೇಕು ಎಂದಳು. ಕುರುಗೋಡಿನ ಉಗ್ರಾಣದವರು ಉರಿದುಬಿದ್ದರು.

"ನಮ್ಮ ಸ್ಟಾಕು ನಾವ್ಯಾಕ ಕೊಡೂನ್ರಿ, ಮೇಡಂ?"

"ಕಪಾಟು ನಿಮ್ದರಿ. ಒಳಗಿನ ಔಷಧಿ ಹಾವು ಕಡಿಸ್ಕೊಂಡೋರ್ದು!"

ನನ್ನ ಮದುವೆಯ ಅಕ್ಷತೆ ಬೀಳುವ ಹೊತ್ತಿಗೂ ಸರಿಯಾಗಿ ಒಂಬತ್ತಾಗಬೇಕೇ? "ಸಿರುಗುಪ್ಪದಾಗ ಎಷ್ಟೈತಿ?" ಎಂದು ಅವಳು ಕೂಗಿದ್ದಕ್ಕೆ ಪುರೋಹಿತರ ಮಂತ್ರವೇ ನಿಂತುಹೋಯಿತು!

ಕಳೆದ ವರ್ಷ ಹೀಗೇ ಒಂದು ಬೆಳಿಗ್ಗೆ ಸಿರುಗುಪ್ಪದವರು "ಖಾಲಿ" ಎಂದರು. ಮಧ್ಯಾಹ್ನ ಕುರುಗೋಡಿನಿಂದ ಐಸ್ ಡಬ್ಬಿಯಲ್ಲಿ ಇಂಜೆಕ್ಷನ್ ಬಂತು. ಸಂಜೆ ಹಾವು ಕಡಿಸಿಕೊಂಡು ಬಂದ ಹಚ್ಚೊಳ್ಳಿಯ ರೈತನೊಬ್ಬ ಬದುಕಿದ. ತಿಂಗಳಾದ ಮೇಲೆ ಅಕ್ಕಿಚೀಲ ಹೊತ್ತು ಅತ್ತೆಯ ಮನೆಗೇ ಬಂದು ಕೈಮುಗಿದ.

ಅವನು ಹೋದದ್ದೇ ತಡ, ಅತ್ತೆ ಗೋಡೆಗೊರಗಿ ಅಳತೊಡಗಿದಳು. ನಾನು ಗಾಬರಿಯಾದೆ.

"ಆ ಹೆಣ್ಮಗಳು ಸತ್ತ ವಾರಕ್ಕ ರಾರಾವಿಗೆ ಹೋಗಿದ್ನೆವ್ವಾ. ಆಕಿ ಮಗಳು ಯಾರೋ ದಣಿದು ಬಂದಾರ ಅಂತ ಚಹಾ ಕೊಟ್ಟಳು. ನಾನ್ಯಾರು ಅಂತ ಹೇಳಾಕ ಬಾಯೇ ಬರಲಿಲ್ಲ. ಕುಡಿದು ಎದ್ದು ಬಂದೆ."

ಮುಂದಿನ ಭಾನುವಾರ ನಾವಿಬ್ಬರೂ ರಾರಾವಿಗೆ ಹೋದೆವು. ಈ ಸಲ ಅತ್ತೆ ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದಳು. ಆ ಹುಡುಗಿ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಒಳಗ ಬರ್ರಿ," ಅಂದಳು.